ಪುಸ್ತಕ ಮುಚ್ಚಿ ಒಪ್ಪಿಸಲಿ

ಮೈಷುಗರ್‌ನಲ್ಲಿ ದುಡಿದು ನಿವೃತ್ತರಾದ ಮಂಡ್ಯದ ಓದುಗರೊಬ್ಬರು ಕೇಳಿದ್ದಾರೆ: ‘ದ್ವಿತೀಯ ಪಿಯುಸಿ ಓದುವ ಮೊಮ್ಮಗಳು ಜೀವಶಾಸ್ತ್ರದ ಪುಸ್ತಕಕ್ಕೆಲ್ಲ ಹಳದಿ ಗೆರೆ ಎಳೆದು ರಾತ್ರಿಯಿಡೀ ಓದುತ್ತಾಳೆ, ಟೆಸ್ಟಿನಲ್ಲಿ ಮರೆಯುತ್ತಾಳೆ. ನಾವು ಕಲಿತ ಮಗ್ಗಿ ಇನ್ನೂ ಬಾಯಲ್ಲಿದೆ. ಉರು ಹೊಡೆಯಬೇಡಿ ಎನ್ನುವ ಈಗಿನ ಮೇಷ್ಟ್ರುಗಳೇ ಇದಕ್ಕೆ ಕಾರಣವಲ್ಲವೇ?’

ಸ್ವಾಮಿ, ಮೇಷ್ಟ್ರುಗಳನ್ನು ಅಷ್ಟು ಬೇಗ ಕಟಕಟೆಗೆ ತರಬೇಡಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಉರು ಹೊಡೆಯುವುದನ್ನೇ ವಿಜ್ಞಾನ ಮಾಡಿದವರು. ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೇ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಇಟ್ಟರು. (ಮನೆಯವರು ಹೇಗೆ ಸಹಿಸಿಕೊಂಡಿರುತ್ತಿದ್ದರೋ!) 1885ರಲ್ಲಿ ಅವರು ಪ್ರಕಟಿಸಿದಂತೆ, 20 ನಿಮಿಷದ ನಂತರ ಉಳಿತಾಯ ಸುಮಾರು ಶೇ 58, ಒಂದು ದಿನ ಕಳೆದರೆ ಶೇ 34, ತಿಂಗಳ ಮೇಲೂ ಶೇ 21. ಮರೆತುಹೋಗುವುದರಲ್ಲಿ ಹೆಚ್ಚಿನದು ಮೊದಲ ದಿನವೇ ಹೋಗುತ್ತದೆ. ಹಾಗಾಗಿ ನಿಮ್ಮ ಮೊಮ್ಮಗಳು ದಡ್ಡಿಯಲ್ಲ. ಅರ್ಥವುಳ್ಳ ಪದ್ಯ ಕಲಿಯಲು ಅದೇ ಮನುಷ್ಯರಿಗೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಶ್ರಮ ಸಾಕಾಯಿತು. ಅಷ್ಟರಮಟ್ಟಿಗೆ ಮೇಷ್ಟ್ರುಗಳ ಮಾತು ಸರಿ.

ಇನ್ನು ನಿಮ್ಮ ಮಗ್ಗಿ. ಒಂದೇ ದಿನ 68 ಸಲ ಓದಿದ್ದಕ್ಕೆ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿ ಓದಿದಾಗ 38 ಸಲಕ್ಕೇ ಸಿಕ್ಕಿತೆಂದೂ ಎಬ್ಬಿಂಗ್‌ಹೌಸ್ ಬರೆದಿದ್ದಾರೆ. ನೀವು ದೀಪ ಹಚ್ಚಿದ ಮೇಲೆ ದಿನಾ ಹೇಳಿದಿರಿ, ವರ್ಷಗಟ್ಟಲೆ ಹೇಳಿದಿರಿ. ಅದೂ ಪುಸ್ತಕ ನೋಡದೆ, ಹಿರಿಯರೊಬ್ಬರ ಮುಂದೆ ನಿಂತು ಒಪ್ಪಿಸಿದಿರಿ. ನನ್ನ ಮಟ್ಟಿಗೆ ಗುಟ್ಟಿರುವುದು ಇಲ್ಲೇ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠ ಓದಿದರು. ಆಮೇಲೆ ಕೆಲವರು ಅದನ್ನೇ ಇನ್ನೊಮ್ಮೆ ಓದಿದರೆ, ಉಳಿದವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ: ಶೇ 81ಕ್ಕೆ ಶೇ 75. ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು. ಓದಿದವರಿಗೆ ಉಳಿದದ್ದು ಶೇ 42, ನೋಡದೆ ಬರೆದವರಿಗೆ ಶೇ 56. ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗಿ ಕಾಣುತ್ತದೆ, ಬಂತು ಅನ್ನಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಆ ಹುಡುಗಿಗೆ ಮೋಸ ಮಾಡುತ್ತಿರುವುದು ಆ ಅನ್ನಿಸಿಕೆಯೇ.

ಜೀವಶಾಸ್ತ್ರ ನಿಮಗೆ ಬರಬೇಕಾಗಿಲ್ಲ. ಪುಸ್ತಕ ನಿಮ್ಮ ಕೈಯಲ್ಲಿರಲಿ, ಅವಳು ತನ್ನ ಮಾತಿನಲ್ಲೇ ಹೇಳುತ್ತಾ ಹೋಗಲಿ. ಬಿಟ್ಟದ್ದನ್ನು ಮಾತ್ರ ತೆರೆದು ತೋರಿಸಿ. ಮಾರನೇ ದಿನ ಕೇಳಿ, ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಮೊದಮೊದಲು ತಡವರಿಸುತ್ತಾಳೆ, ಆಗ ‘ನಮ್ಮ ಕಾಲದಲ್ಲಿ’ ಎಂದು ಮಾತ್ರ ಶುರುಮಾಡಬೇಡಿ.

— ಸಂ.