ರಸ್ತೆ ಅಗಲಿಸುತ್ತಿದ್ದವರಲ್ಲಿ ಹುಟ್ಟಿದ ಪಾಠ ಹೇಳುವ ಆಸೆ

(ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಮನೆಯ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಈ ಸಿವಿಲ್ ಎಂಜಿನಿಯರ್ ಮೂವತ್ತು ದಾಟಿದವರು. ಮನೆಯಲ್ಲಿ ತುಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಕೆಲಸದ ಜಾಗದಲ್ಲಿ ಮಲಯಾಳ. ಬಿ.ಟೆಕ್ ಮುಗಿದಂದಿನಿಂದ ಗುತ್ತಿಗೆದಾರರೊಬ್ಬರ ಬಳಿ ರಸ್ತೆ ಅಗಲೀಕರಣದ ಕೆಲಸ. ತಿಂಗಳುಗಟ್ಟಲೆ ನಿದ್ದೆಯಿಲ್ಲವೆಂದು ವೈದ್ಯರಲ್ಲಿಗೆ ಹೋದರು. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ವೈದ್ಯರು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳಿಸಿದರು.

ಮೊದಲ ಭೇಟಿಯಲ್ಲಿ ಮಾತನಾಡಿದ್ದೆಲ್ಲ ಹೆಂಡತಿ. ಅವರು ಅನುದಾನಿತ ಕನ್ನಡ ಶಾಲೆಯ ಶಿಕ್ಷಕಿ. “ಮೇಡಂ, ಇವರು ನಡುರಾತ್ರಿ ಎದ್ದು ಕುಳಿತು ಕಾಲೇಜುಗಳ ಪ್ರವೇಶ ಪ್ರಕಟಣೆ ಓದುತ್ತಾರೆ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆ ಕಲಿತು ಪ್ರೊಫೆಸರ್ ಆಗುತ್ತಾರಂತೆ. ಮನೆ ಸಾಲದ ಕಂತು ಯಾರು ಕಟ್ಟುವುದು?” ಅವರು ಹೇಳುತ್ತಿರುವಷ್ಟು ಹೊತ್ತೂ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಬ್ಬರೇ ಬಂದಾಗ ವಿಷಯ ಹೊರಬಂತು. ರಸ್ತೆಗೆ ಹೋದ ಕಟ್ಟಡಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹೆಂಚಿನ ಮಾಡು, ಮರದ ಅಟ್ಟವಿದ್ದ ಒಂದು ಹಳೆಯ ಅಂಗಡಿಯೂ ಇತ್ತು. ಇವರು ಚಿಕ್ಕಂದಿನಲ್ಲಿ ಶಾಲೆಯ ಪುಸ್ತಕ ಕೊಳ್ಳುತ್ತಿದ್ದದ್ದು ಅಲ್ಲೇ. ಅಳತೆ ಬರೆದು ಸಹಿ ಹಾಕಿದವರು ಇವರೇ. ಪರಿಹಾರ ಸಂದಿತ್ತು, ಕಾನೂನಿನಲ್ಲಿ ತಪ್ಪೇನಿರಲಿಲ್ಲ. ಆದರೂ ಅಂದಿನಿಂದ ಕಣ್ಣು ಮುಚ್ಚಿದರೆ ಜೆಸಿಬಿಯ ಸದ್ದು. “ನಾನು ಕೆಡವಿದ್ದನ್ನು ನಾನೇ ಉಳಿಸಲು ಕಲಿಸಬೇಕು” ಎಂದರು.

ಆತ್ಮಹತ್ಯೆಯ ಯೋಚನೆ ಇರಲಿಲ್ಲ, ಊಟ ಸರಿಯಿತ್ತು, ಮಗಳ ಜೊತೆ ಆಡುತ್ತಿದ್ದರು. ಖಿನ್ನತೆಯೆಂದು ಹೆಸರಿಡುವ ಮಟ್ಟದ್ದಲ್ಲ. ಇದು ಪಾಪಪ್ರಜ್ಞೆ, ಮತ್ತು ಅದು ವೃತ್ತಿಯ ಆಸೆಯ ವೇಷ ತೊಟ್ಟಿತ್ತು. ಅಂಥದ್ದನ್ನು ನಾನು ಸುಮ್ಮನೆ ನಂಬುವುದಿಲ್ಲ. ಪ್ರಾಯಶ್ಚಿತ್ತಕ್ಕೆ ಪಿಎಚ್‌ಡಿ ತೀರಾ ದುಬಾರಿ ಎಂದೆ. ಅವತ್ತು ಮೊದಲ ಬಾರಿಗೆ ನಕ್ಕರು.

ಅಂಗಡಿಯ ವಿಚಾರವನ್ನು ಕೆಲವು ಭೇಟಿಗಳಲ್ಲಿ ಬಿಡಿಸಿದೆವು. ತೀರ್ಮಾನ ಯಾರದು, ಸಹಿ ಯಾರದು, ಇವರು ಒಲ್ಲೆನೆಂದಿದ್ದರೆ ಏನಾಗುತ್ತಿತ್ತು ಎಂದು ಒಂದೊಂದಾಗಿ ಬರೆಸಿದೆ. ನಿದ್ದೆಗೆ ಸಮಯ ಗೊತ್ತುಮಾಡಿ, ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಲು ಹೇಳಿದೆ. ನಿದ್ದೆ ಸುಧಾರಿಸಿತು. ಕಲಿಸುವ ಆಸೆ ಮಾತ್ರ ಹಾಗೆಯೇ ಉಳಿಯಿತು. ಪಾಪಪ್ರಜ್ಞೆ ಇಳಿದ ಮೇಲೂ ಉಳಿದ ಆಸೆಯನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

ಆಗ ಬಾಗಿಲುಗಳ ಲೆಕ್ಕ ಶುರುವಾಯಿತು. ದೆಹಲಿ, ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿರುವ ಸಂರಕ್ಷಣೆಯ ಎಂ.ಆರ್ಕ್‌ಗೆ ಬಿ.ಆರ್ಕ್, ಅಂದರೆ ವಾಸ್ತುಶಿಲ್ಪದ ಪದವಿ ಬೇಕು. ಇವರ ಬಿ.ಟೆಕ್ ಅಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಮತ್ತೆ ಐದು ವರ್ಷದ ಬಿ.ಆರ್ಕ್ ಸೇರಲು ಇವರು ತಯಾರಾಗಿದ್ದರು! ಖಡಾಖಂಡಿತವಾಗಿ ಬೇಡ ಎಂದೆ. ಆಪ್ತಸಲಹೆಗಾರರು ಹೀಗೆ ನೇರವಾಗಿ ಹೇಳಬಾರದೆಂಬ ಪಾಠ ನನಗೂ ಆಗಿದೆ. ಆದರೆ ಮೂರು ವರ್ಷದ ಮಗುವಿನ ತಂದೆ ಬಾವಿಗೆ ಇಳಿಯುವಾಗ ಹಗ್ಗದ ಉದ್ದವನ್ನಾದರೂ ಹೇಳಬೇಕು.

ನಗರ ಯೋಜನೆಯ ಸ್ನಾತಕೋತ್ತರ ಪದವಿ ಎಂ.ಪ್ಲಾನ್‌ನ ಬಾಗಿಲು ತೆರೆದಿತ್ತು. ಅದಕ್ಕೆ ಸಿವಿಲ್ ಎಂಜಿನಿಯರುಗಳನ್ನೂ, ಹಲವೆಡೆ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಸ್ನಾತಕೋತ್ತರರನ್ನೂ ತೆಗೆದುಕೊಳ್ಳುತ್ತಾರೆ. ಕೋಯಿಕ್ಕೋಡಿನ ಎನ್‌ಐಟಿಯಲ್ಲೇ ಈ ಕೋರ್ಸ್ ಇದೆ. ವಾರಾಂತ್ಯಕ್ಕೆ ರೈಲಿನಲ್ಲಿ ಮನೆಗೆ ಬರಬಹುದು. ಇಂಥ ಕೋರ್ಸುಗಳ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ‘ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್’ ಪತ್ರಿಕೆಯಿದ್ದು, ಅದರ ಒಂದು ಭಾಗದಲ್ಲಿ ಯೋಜನೆಯ ಪ್ರಶ್ನೆಗಳನ್ನು ಆರಿಸಿಕೊಳ್ಳಬಹುದು. ಅಂಕ ಮೂರು ವರ್ಷ ಚಾಲ್ತಿಯಲ್ಲಿರುವುದರಿಂದ ಬರೆದ ವರ್ಷವೇ ಕೆಲಸ ಬಿಡಬೇಕಿಲ್ಲ. ಹಳೆಯ ಕಟ್ಟಡಗಳ ಮೇಲೆಯೇ ಮನಸ್ಸಿದ್ದರೆ, ಐಐಟಿ ಮದ್ರಾಸಿನ ಸಿವಿಲ್ ವಿಭಾಗದಲ್ಲಿ ಪಾರಂಪರಿಕ ಕಟ್ಟಡಗಳ ಸುರಕ್ಷತೆಗೆಂದೇ ರಾಷ್ಟ್ರೀಯ ಕೇಂದ್ರವಿದೆ. ಅಲ್ಲಿ ಎಂಜಿನಿಯರ್ ಪರಕೀಯನಲ್ಲ.

“ಸರಿ, ಯಾವುದರ ಮೇಲೆ ಸಂಶೋಧನೆ ಮಾಡುತ್ತೀರಿ?” ಎಂದು ಕೇಳಿದೆ. ಬೇಕಲ ಕೋಟೆ ಎಂದರು. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಪುರಾತತ್ತ್ವ ಇಲಾಖೆಯ ಕಾವಲಿನಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕಗಳ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅದಕ್ಕೆ ಇವರು ಹೊಸದಾಗಿ ಏನು ಸೇರಿಸುತ್ತಾರೆಂದು ಕೇಳಿದಾಗ ಉತ್ತರವಿರಲಿಲ್ಲ.

ಮುಂದಿನ ಸಲ ಬಂದಾಗ, ಮಾತಿನ ನಡುವೆ ಯಾವುದೋ ದೂರು ಹೇಳುವಂತೆ ಸುರಂಗದ ಸುದ್ದಿ ತೆಗೆದರು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ಹರಿಸಿಕೊಳ್ಳುವ ಸುರಂಗಗಳು ಈ ಕಡೆಯವರಿಗೆ ಗೊತ್ತು. ಎಷ್ಟೋ ಅಡಿಕೆ ತೋಟಗಳು ಅವುಗಳಿಂದ ಬದುಕಿವೆ. ಇವರ ಕೆಲಸದ ಜಾಗದಲ್ಲಿ ಗುಡ್ಡದ ಬದಿ ಕಡಿದ ಮೇಲೆ ಕೆಳಗಿನ ಮನೆಯೊಂದರ ಸುರಂಗದ ನೀರು ಸಣ್ಣದಾಯಿತಂತೆ. ನಕ್ಷೆಯಲ್ಲಿ ಸುರಂಗವೇ ಇರಲಿಲ್ಲ. ಯಾರಿಗೆ ಪರಿಹಾರ, ಯಾವ ಲೆಕ್ಕದಲ್ಲಿ? ಮುಕ್ಕಾಲು ಗಂಟೆ ನಾನು ಬಾಯಿ ತೆರೆಯಲಿಲ್ಲ. ಮಣ್ಣು, ಇಳಿಜಾರು, ಅಂತರ್ಜಲ, ಯೋಜನಾ ನಕ್ಷೆ, ಅಜ್ಜಂದಿರು ಹೇಳಿದ ಅಗೆತದ ಕ್ರಮ, ಎಲ್ಲವನ್ನೂ ಹಾಳೆಯ ಮೇಲೆ ಗೀಚುತ್ತ ಹೋದರು.

ನಾನು ಹೇಳಿದ್ದು ಇಷ್ಟು. ನಿಮ್ಮ ಪ್ರಶ್ನೆ ಇದು, ಕೋಟೆಯದಲ್ಲ. ಇದನ್ನು ನೀವು ಕಂಡದ್ದು ರಸ್ತೆ ಕೆಲಸದಲ್ಲಿದ್ದುದರಿಂದಲೇ. ಇನ್ನೊಂದು ಬಂಡವಾಳವನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಮೂಲಗೇಣಿ (ಕಾಯಂ ಗೇಣಿ) ಪತ್ರ, ಅಡಂಗಲ್ (ಜಮೀನಿನ ದಾಖಲೆ) ನಿಮ್ಮ ಸೋದರಮಾವನ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಕುಳಿತಿವೆ. ಹೊರಗಿನಿಂದ ಬಂದ ಸಂಶೋಧಕ ದುಭಾಷಿ ಹುಡುಕಬೇಕು. ನೀವು ಕಚೇರಿಯಲ್ಲಿ ಮಲಯಾಳದಲ್ಲಿ, ಅಂಗಳದಲ್ಲಿ ತುಳುವಿನಲ್ಲಿ ಕೇಳಿ, ಕನ್ನಡದ ಕಾಗದ ಓದಬಲ್ಲಿರಿ.

ಸೋದರಮಾವ ಒಮ್ಮೆ ಜೊತೆಗೆ ಬಂದರು. ಸುರಂಗ ಅಳೆದರೆ ಯಾರು ಸಂಬಳ ಕೊಡುತ್ತಾರೆ ಎಂಬುದು ಅವರ ಪ್ರಶ್ನೆ, ನ್ಯಾಯವಾದದ್ದೇ. ಹೆಂಡತಿಯನ್ನೂ ಕೂರಿಸಿಕೊಂಡು ಹಣದ ಮಾತಾಡಿದೆವು. ಗೇಟ್ ಮೂಲಕ ಎಂ.ಪ್ಲಾನ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಪಿಎಚ್‌ಡಿಗೆ ಫೆಲೋಶಿಪ್ ದೊರೆತರೆ ಮೊದಲ ಎರಡು ವರ್ಷ 37,000, ಬಳಿಕ 42,000. ಎರಡೂ ಸೇರಿ ಆರೇಳು ವರ್ಷ. ಆ ಮೇಲೂ ಕಾಯಂ ಹುದ್ದೆ ಕಾದು ನಿಂತಿರುವುದಿಲ್ಲ. ಅತಿಥಿ ಉಪನ್ಯಾಸ, ಗುತ್ತಿಗೆಯ ಬೋಧನೆಯಿಂದ ಆರಂಭಿಸುವವರೇ ಹೆಚ್ಚು. ಇದನ್ನು ಕೇಳಿ ಹೆಂಡತಿಯ ಮುಖ ಸಪ್ಪಗಾಯಿತು. ಆದರೆ ಕೋಪ ಇಳಿದದ್ದೂ ಆಗಲೇ. ಅವರಿಗೆ ಬೇಕಿದ್ದದ್ದು ಅಂಕಿಗಳು. ತಮ್ಮ ಸಂಬಳದಲ್ಲಿ ಕಂತು ಕಟ್ಟಿದರೆ ಮನೆಖರ್ಚಿಗೆ ಎಷ್ಟು ಉಳಿಯುತ್ತದೆಂದು ಅಲ್ಲೇ ಕೂಡಿ ಕಳೆದರು. ಎರಡು ವರ್ಷ ತಡೆದುಕೊಳ್ಳಬಹುದು, ಆರು ಆಗುವುದಿಲ್ಲ ಎಂದರು.

ಒಪ್ಪಂದ ಆ ಮಾತಿನ ಮೇಲೆಯೇ ನಿಂತಿತು. ಈಗ ಕೆಲಸ ಬಿಡುವುದಿಲ್ಲ. ಎಂ.ಪ್ಲಾನ್ ಸಿಕ್ಕರೆ ಸೇರುವುದು, ಪಿಎಚ್‌ಡಿಯ ಮಾತು ಫೆಲೋಶಿಪ್ ಕೈಗೆ ಬಂದ ಮೇಲೆ. ಅಷ್ಟರಲ್ಲಿ ಭಾನುವಾರಗಳಂದು ಒಂದೇ ಗುಡ್ಡದ ಸುರಂಗಗಳನ್ನು ಮಾಲೀಕರ ಅನುಮತಿ ಪಡೆದು ಅಳೆದು ನಕ್ಷೆ ಮಾಡುವುದು, ಒಬ್ಬರೇ ಒಳಗೆ ಇಳಿಯದಿರುವುದು. ಕೆಲವು ತಿಂಗಳಲ್ಲೇ ಬೇಸರ ಬಂದರೆ ಅದನ್ನೂ ಹೇಳಿಕೊಳ್ಳಬೇಕು, ನಾಚಿಕೆ ಬೇಡ.

ಬೇಸರ ಬಂದಿಲ್ಲ. ಗೇಟ್ ಬರೆದಿದ್ದಾರೆ, ಮೊದಲ ಸಲದ ಅಂಕ ಸಾಲಲಿಲ್ಲ, ಮತ್ತೆ ಓದುತ್ತಿದ್ದಾರೆ. ಪ್ರವೇಶ ಸಿಕ್ಕಿದರೆ, ರಾಜೀನಾಮೆ ಕೊಡುವ ಮೊದಲು ಇಬ್ಬರೂ ಒಟ್ಟಿಗೆ ಬಂದು ಹೋಗಬೇಕೆಂದು ಹೇಳಿದ್ದೇನೆ.