ಓದಲು ಬಾರದ ಹುಡುಗ ಕೇಳಿದ ಪ್ರಶ್ನೆ

ಓದಲು ಬಾರದ ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ತಾಯಂದಿರು ಪ್ರತಿವರ್ಷ ನನ್ನ ಬಳಿ ಬರುತ್ತಾರೆ. ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಮೂರನೆಯ ತರಗತಿಗೆ ಮುಗಿಯುತ್ತದೆ. ಕಾರ್ಡು, ಚಿತ್ರ, ಹಾಡು ಬಿಟ್ಟು ಮಗು ತುಂಬುಪುಟದ ಪಾಠಕ್ಕೆ ಬಂದಾಗ ಅದುವರೆಗೆ ಕಾಣದ ತೊಡಕು ಬಯಲಾಗುತ್ತದೆ.

ಇಳಕಲ್ಲಿನ ಈ ಹುಡುಗನದೂ ಅದೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮನೆಯಲ್ಲಿ ಕೈಮಗ್ಗ. ಕಣ್ಣು, ಕಿವಿ ತೋರಿಸಿಯಾಗಿತ್ತು, ದೋಷವಿರಲಿಲ್ಲ. ಅಕ್ಷರ ಗೊತ್ತು, ವಾಕ್ಯ ಓದಲು ಬಾರದು.

ಪುಸ್ತಕ ಮುಚ್ಚಿಸಿ, "ನಿನ್ನೆ ಮನ್ಯಾಗ ಏನಾತು ಹೇಳು ತಮ್ಮಾ" ಅಂದೆ. ಅವನು ಅಂದದ್ದನ್ನು ಅಂದಂತೆಯೇ ದಪ್ಪಕ್ಷರದಲ್ಲಿ ಬರೆದೆ: 'ಅಜ್ಜಿ ಕಂಡಿಕಿ ಸುತ್ತಾಕತ್ತಿದ್ಳು. ಅಪ್ಪ ಮಗ್ಗದಾಗ ಕುಂತಿದ್ದ. ಎಳಿ ಹರೀತು. ಅಪ್ಪಗ ಸಿಟ್ಟು ಬಂತು.' (ಕಂಡಿಕಿ ಅಂದರೆ ನೇಯಲು ನೂಲು ಸುತ್ತಿಡುವ ಕಡ್ಡಿ.) ಮೊದಲ ಸಲ ನೆನಪಿನಿಂದಲೇ ಒಪ್ಪಿಸಿದ. ಎರಡನೆಯ ಸಲ ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಅಕ್ಕೋರ, ಎಲ್ಲಿ ಹರೀತು ಅನ್ನೂದು ಇದರಾಗ ಇಲ್ಲಲ್ರಿ. ಓದಾವ್ರಿಗೆ ಹೆಂಗ ಗೊತ್ತಾಗಬೇಕು?"

"ಎಲ್ಲಿ ಹರೀತು?"

"ಸೆರಗಿನ ಕೊಂಡಿ ಹಾಕಿದಲ್ಲಿ."

ಇಳಕಲ್ ಸೀರೆಯ ಮೈ ಹಾಸನ್ನೂ (ಉದ್ದಕ್ಕೆ ಹಾಸಿದ ಎಳೆಗಳು) ಸೆರಗಿನ ರೇಷ್ಮೆ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅಲ್ಲಿ ಹರಿದದ್ದಕ್ಕೇ ಅಪ್ಪನಿಗೆ ಸಿಟ್ಟು. ಆ ಮಾತಿಲ್ಲದಿದ್ದರೆ ಓದುವವರಿಗೆ ಸಿಟ್ಟಿನ ಕಾರಣ ತಿಳಿಯದು ಎಂದು ಓದಲು ಬಾರದ ಹುಡುಗನಿಗೆ ಹೊಳೆದಿತ್ತು. ಮಕ್ಕಳಿಗಾಗಿ ಬರೆಯುವವರೂ ತಮ್ಮ ಪ್ರತಿ ಪುಟಕ್ಕೆ ಈ ಪ್ರಶ್ನೆ ಹಾಕಿಕೊಳ್ಳಲಿ ಎಂದು ನನ್ನಾಸೆ.

ತಾಯಿಗೆ ಹೇಳಿದ್ದು ಇಷ್ಟು. ದಿನಕ್ಕೆ ನಾಲ್ಕೈದು ಸಾಲು ಅವನ ಮಾತನ್ನೇ ಬರೆದುಕೊಡಿ. ಮರುದಿನ ನಿನ್ನೆಯ ಹಾಳೆಯನ್ನೂ ಓದಿಸಿ. ಮಗ್ಗ, ಅಜ್ಜಿ, ಅಪ್ಪ, ಬಣ್ಣ, ಹೊಕ್ಕು ಇವುಗಳಲ್ಲಿರುವುದೆಲ್ಲ ಸಜಾತೀಯ ಒತ್ತಕ್ಷರ, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ಅವು ಗಟ್ಟಿಯಾದ ಮೇಲೆ ರೇಷ್ಮೆಯ ಮಕಾರ ಒತ್ತಿಗೆ ಹೋಗಿ. ಬರೆಯುವ ಜಾಗವೊಂದು, ಉಚ್ಚರಿಸುವ ಜಾಗವೊಂದಾದ ಅರ್ಕಾವೊತ್ತು ಕೊನೆಗಿರಲಿ. ಶಾಲೆಯ ಪಾಠವನ್ನು ಮೊದಲು ನೀವು ಓದಿ ಹೇಳಿ, ಆಮೇಲೆ ಅವನು ಓದಲಿ. ತಪ್ಪಿದರೆ ಹೊಡೆಯಬೇಡಿ, ದಡ್ಡ ಅನ್ನಬೇಡಿ.

ತಂದೆ ಒಪ್ಪಲಿಲ್ಲ. "ಹಿಂಗ ಆಡುಮಾತು ಬರದ್ರ ಪರೀಕ್ಷಾದಾಗ ಮಾರ್ಕ್ಸ್ ಕೊಡ್ತಾರೇನ್ರಿ?" ಕೆಲವು ಶಿಕ್ಷಕರೂ ಹೀಗೇ ಕೇಳುತ್ತಾರೆ. ನಾನು ಶಿಷ್ಟ ಕನ್ನಡ ಬೇಡ ಅನ್ನುವವಳಲ್ಲ. ಆದರೆ ಅಕ್ಷರದೊಳಗೆ ಯಾರದೋ ಮಾತಿದೆ ಎಂಬ ನಂಬಿಕೆ ಮೂಡದ ಮಗುವಿಗೆ ಯಾವ ಕನ್ನಡವೂ ಬರೀ ಗೀಟು. ಆ ನಂಬಿಕೆ ಸ್ವಂತ ಮಾತಿನಿಂದ ಬೇಗ ಹುಟ್ಟುತ್ತದೆ. 'ಸುತ್ತಾಕತ್ತಿದ್ಳು' ಓದಬಲ್ಲವನು 'ಸುತ್ತುತ್ತಿದ್ದಳು' ಕಲಿಯುತ್ತಾನೆ.

ಈಗ ಅವನು ತಡವರಿಸುತ್ತಲೇ ಪಾಠ ಓದುತ್ತಾನೆ, ಒತ್ತಕ್ಷರಕ್ಕೆ ಇನ್ನೂ ಎಡವುತ್ತಾನೆ. ಕೆಲವು ತಿಂಗಳು ಹೀಗೆ ಕಲಿಸಿದರೂ ಏಳಿಗೆ ಕಾಣದ ಮಕ್ಕಳೂ ಇದ್ದಾರೆ. ಅಂಥವರ ಪಾಲಕರು ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಲು ಹಿಂಜರಿಯಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ.