ಮೈನಸ್ಸೇ ಇಲ್ಲದ ಸ್ಪೀಕರ್ ವೈರು: ಡಿಎಸ್‌ಪಿ ಆಂಪ್ ಬೋರ್ಡಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಬೋರ್ಡಿನ ಬಗ್ಗೆ ಬಂದಿವೆ. ಅನಲಾಗ್ ಡಿವೈಸಸ್‌ನ ಎಡಿಎಯು1701 ಡಿಎಸ್‌ಪಿ (ಶಬ್ದವನ್ನು ಅಂಕಿಗಳಾಗಿಸಿ ಫಿಲ್ಟರ್ ಮಾಡುವ) ಚಿಪ್ಪು, ಅದರ ಪಕ್ಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸ್ಪೀಕರ್ ನಡೆಸುವ ಟಿಪಿಎ3118 ಕ್ಲಾಸ್-ಡಿ ಆಂಪ್ ಚಿಪ್ಪು ಎರಡು. ಇನ್‌ಪುಟ್ ಎರಡು, ಸ್ಪೀಕರ್ ಔಟ್ ನಾಲ್ಕು. ಫಿಲ್ಟರ್ ಸರಿಯಿಲ್ಲ ಎಂದು ಬರೆದವರಲ್ಲಿ ಬಹಳಷ್ಟು ಜನರ ತೊಂದರೆ ಇರುವುದು ವೈರಿಂಗ್‌ನಲ್ಲೋ ಗೇನ್‌ನಲ್ಲೋ (ಆಂಪ್ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದರಲ್ಲೋ). ಹಾಗಾಗಿ ಉತ್ತರಗಳನ್ನೂ ಅದೇ ಕ್ರಮದಲ್ಲಿ ಇಟ್ಟಿದ್ದೇವೆ.

ಪ್ರಶ್ನೆ: ಲ್ಯಾಪ್‌ಟಾಪಿನ ಹಳೆಯ ಅಡಾಪ್ಟರ್ (19 ವೋಲ್ಟ್, 3.42 ಆಂಪಿಯರ್) ಹಾಕಿದ್ದೇನೆ. ವೂಫರ್‌ಗಳು 4 ಓಮ್ಸ್. ವಾಲ್ಯೂಮ್ ಏರಿಸಿದರೆ ತಾಳದ ಪ್ರತಿ ಪೆಟ್ಟಿಗೂ ಶಬ್ದ ಕಡಿದು ಮತ್ತೆ ಬರುತ್ತದೆ. 24 ವೋಲ್ಟ್ ಹಾಕಿದರೆ ಸರಿಹೋಗುತ್ತದೆಯೇ? (ಶಿವಮೊಗ್ಗ)

24 ವೋಲ್ಟ್ ಹಾಕಿದರೆ ತೊಂದರೆ ಇನ್ನೂ ಹೆಚ್ಚಾಗುತ್ತದೆ. ನಿಮ್ಮ ಅಡಾಪ್ಟರ್‌ನ ತಾಕತ್ತು 65 ವ್ಯಾಟ್. 19 ವೋಲ್ಟ್‌ನಲ್ಲಿ 4 ಓಮ್ಸ್‌ಗೆ ಒಂದೊಂದು ಚಾನೆಲ್ ಸುಮಾರು 40 ವ್ಯಾಟ್ ಕೊಡಬಲ್ಲದು. ಎರಡು ವೂಫರ್‌ಗೆ 80, ಚಿಪ್ಪಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿದರೆ 90 ವ್ಯಾಟ್ ಬೇಕು. ಅಡಾಪ್ಟರ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗಿ ಮತ್ತೆ ಆನ್ ಆಗುತ್ತಿದೆ, ಅಷ್ಟೇ. ವೋಲ್ಟ್ 19 ಇರಲಿ, 6 ಆಂಪಿಯರ್ ಕೊಡುವ ಅಡಾಪ್ಟರ್ ತನ್ನಿ. ಚಿಪ್ಪು 26 ವೋಲ್ಟ್‌ವರೆಗೆ ತಡೆಯುತ್ತದೆ, ನಿಜ. ಆದರೆ 24 ವೋಲ್ಟ್‌ಗೆ 4 ಓಮ್ಸ್ ಕೊಟ್ಟರೆ ಕರೆಂಟು 6 ಆಂಪಿಯರ್ ಮುಟ್ಟುತ್ತದೆ, ಹೀಟ್‌ಸಿಂಕ್ ಇಲ್ಲದ ಬೋರ್ಡು ಹತ್ತು ನಿಮಿಷದಲ್ಲಿ ಬಿಸಿಯೇರಿ ಬಾಯಿ ಮುಚ್ಚಿಕೊಳ್ಳಬಹುದು. 24 ವೋಲ್ಟ್ 8 ಓಮ್ಸ್ ಸ್ಪೀಕರ್‌ಗೆ ಒಪ್ಪುತ್ತದೆ, ಚಾನೆಲ್‌ಗೆ 30 ವ್ಯಾಟ್ ಸಿಗುತ್ತದೆ. ಬೋರ್ಡಿನ ಪವರ್ ಟರ್ಮಿನಲ್‌ಗೆ ಅಂಟಿಸಿದಂತೆ 2200 ಮೈಕ್ರೋಫ್ಯಾರಡ್, 35 ವೋಲ್ಟ್‌ನ ಕೆಪಾಸಿಟರ್ ಒಂದನ್ನು ಹಾಕಿ. ಇನ್ನೂ ದೊಡ್ಡದಿರಲಿ ಎಂದು 10,000ದ್ದು ಹಾಕಬೇಡಿ, ಅದನ್ನು ತುಂಬಿಸಲಾಗದೆ ಅಡಾಪ್ಟರ್ ಶುರುವಾಗದೇ ಹೋಗಬಹುದು.

ಪ್ರಶ್ನೆ: ಗೋಡೆಯೊಳಗಿನ ಹಳೆಯ ವೈರಿಂಗ್‌ನಲ್ಲಿ ಎರಡು ಸ್ಪೀಕರ್‌ಗೂ ಒಂದೇ ಮೈನಸ್ ಇದೆ. ಹಾಗೇ ಕೂಡಿಸಿದೆ. ಶಬ್ದ ಬರುತ್ತಿಲ್ಲ, ಚಿಪ್ಪು ಸುಡುತ್ತಿದೆ. (ಉಡುಪಿ)

ಈಗಲೇ ಪವರ್ ತೆಗೆಯಿರಿ. ಈ ಚಿಪ್ಪಿನಲ್ಲಿ ಸ್ಪೀಕರ್‌ನ ಮೈನಸ್ ಎಂಬುದೇ ಇಲ್ಲ. ಪ್ಲಸ್ ಎಂದು ಬರೆದ ಕಡೆ ಒಂದು ಆಂಪ್, ಮೈನಸ್ ಎಂದು ಬರೆದ ಕಡೆ ಇನ್ನೊಂದು ಆಂಪ್, ಸ್ಪೀಕರ್ ಇವೆರಡರ ನಡುವೆ ತೂಗುತ್ತಿರುತ್ತದೆ. ಇದಕ್ಕೆ ಬಿಟಿಎಲ್ (ಬ್ರಿಡ್ಜ್ ಟೈಡ್ ಲೋಡ್) ಎನ್ನುತ್ತಾರೆ. ಎರಡು ಚಾನೆಲ್‌ಗಳ ಮೈನಸ್ ಸೇರಿಸಿದರೆ ಎರಡು ಆಂಪ್‌ಗಳ ಔಟ್‌ಪುಟ್ ಒಂದಕ್ಕೊಂದು ಶಾರ್ಟ್ ಆದಂತೆ. ಗ್ರೌಂಡ್‌ಗೆ ಸೇರಿಸಿದರೂ ಅದೇ ಗತಿ.

ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಪವರ್‌ನ ಗ್ರೌಂಡ್‌ಗೆ ಇಟ್ಟು, ಸ್ಪೀಕರ್ ಕಳಚಿದ ಟರ್ಮಿನಲ್ ಮುಟ್ಟಿ ನೋಡಿ. 24 ವೋಲ್ಟ್ ಕೊಟ್ಟಿದ್ದರೆ ಎರಡು ತುದಿಯಲ್ಲೂ ಸಾಮಾನ್ಯವಾಗಿ 12 ವೋಲ್ಟ್ ಡಿಸಿ ತೋರಿಸುತ್ತದೆ. ಎರಡು ತುದಿಗಳ ನಡುವೆ ಅಳೆದರೆ ಕೆಲವೇ ಮಿಲಿವೋಲ್ಟ್. ಹೀಗಿದ್ದರೆ ಚಿಪ್ಪು ಬದುಕಿದೆ. ಒಂದು ಕಡೆ 12, ಇನ್ನೊಂದು ಕಡೆ 0 ಅಥವಾ 24 ಬಂದರೆ ಅರ್ಧ ಆಂಪ್ ಹೋಗಿದೆ, ಅದಕ್ಕೆ ಸ್ಪೀಕರ್ ಮುಟ್ಟಿಸಿದರೆ ಕಾಯಿಲ್ ಸುಡುತ್ತದೆ. ಗೋಡೆಯಲ್ಲಿ ನಾಲ್ಕನೇ ವೈರು ಎಳೆಯದೆ ಬೇರೆ ದಾರಿಯಿಲ್ಲ. ಇಂಥ ಆಂಪ್‌ನ ಔಟ್‌ಪುಟ್ ನೋಡಲು ಆಸಿಲೋಸ್ಕೋಪ್ ಬಳಸುವವರಿಗೂ ಒಂದು ಮಾತು: ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಸ್ಪೀಕರ್ ಟರ್ಮಿನಲ್‌ಗೆ ಎಂದೂ ಕಚ್ಚಿಸಬೇಡಿ.

ಪ್ರಶ್ನೆ: ಸಿಗ್ಮಾ ಸ್ಟುಡಿಯೋದಲ್ಲಿ ಮಾಡಿದ ಸೆಟ್ಟಿಂಗ್ ಕರೆಂಟು ಹೋದ ಕೂಡಲೇ ಅಳಿಸಿಹೋಗುತ್ತದೆ. (ಧಾರವಾಡ)

ಸಿಗ್ಮಾ ಸ್ಟುಡಿಯೋ ಈ ಡಿಎಸ್‌ಪಿಗೆ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್. ಅದರಲ್ಲಿ ನೀವು ಒತ್ತುತ್ತಿರುವ ‘ಲಿಂಕ್ ಕಂಪೈಲ್ ಡೌನ್‌ಲೋಡ್’ ಬಟನ್ ಪ್ರೋಗ್ರಾಮನ್ನು ಚಿಪ್ಪಿನ ರ‍್ಯಾಮ್‌ಗೆ ಮಾತ್ರ ಕಳಿಸುತ್ತದೆ. ಉಳಿಯಬೇಕಾದರೆ ಪಕ್ಕದ ಎಂಟು ಕಾಲಿನ ಇಇಪ್ರಾಮ್‌ಗೆ (ಕರೆಂಟು ಹೋದರೂ ಮರೆಯದ ಮೆಮೊರಿ ಚಿಪ್ಪಿಗೆ) ಬರೆಯಬೇಕು. ಹಾರ್ಡ್‌ವೇರ್ ಕಾನ್ಫಿಗರೇಷನ್ ಪುಟದಲ್ಲಿ ಯುಎಸ್‌ಬಿಐ (ಕಂಪ್ಯೂಟರನ್ನು ಬೋರ್ಡಿಗೆ ಕೂಡಿಸುವ ಪ್ರೋಗ್ರಾಮರ್), ಎಡಿಎಯು1701, ಇಇಪ್ರಾಮ್ ಮೂರು ಬ್ಲಾಕ್‌ಗಳೂ ಇರಲಿ, ಯುಎಸ್‌ಬಿಐಯಿಂದ ಉಳಿದೆರಡಕ್ಕೂ ಗೆರೆ ಎಳೆದಿರಲಿ. ಪ್ರೋಗ್ರಾಮರ್ ಸಿಕ್ಕಿದ್ದರೆ ಯುಎಸ್‌ಬಿಐ ಬ್ಲಾಕ್ ಹಸಿರಾಗುತ್ತದೆ. ಕಂಪೈಲ್ ಆದ ಮೇಲೆ ಎಡಿಎಯು1701 ಬ್ಲಾಕ್ ಮೇಲೆ ರೈಟ್ ಕ್ಲಿಕ್ ಮಾಡಿ, ಕೊನೆಯ ಕಂಪೈಲನ್ನು ಇಇಪ್ರಾಮ್‌ಗೆ ಬರೆಯುವ ಆಯ್ಕೆ ಒತ್ತಿ. ಬೋರ್ಡಿನಲ್ಲಿ 24ಸಿ256 ಇದ್ದರೆ ಮೆಮೊರಿ 32,768 ಬೈಟ್, ಪೇಜ್ 64 ಬೈಟ್ ಎಂದು ತುಂಬಿ.

ಬರೆದ ಮೇಲೂ ನಿಲ್ಲದಿದ್ದರೆ ಮೂರು ಕಡೆ ನೋಡಬೇಕು. ಇಇಪ್ರಾಮ್‌ನ 7ನೇ ಕಾಲು, ಅಂದರೆ ಡಬ್ಲ್ಯುಪಿ (ರೈಟ್ ಪ್ರೊಟೆಕ್ಟ್), 3.3 ವೋಲ್ಟ್‌ನಲ್ಲಿದ್ದರೆ ಅದು ಬರೆಸಿಕೊಳ್ಳುವುದಿಲ್ಲ, ಜಂಪರ್‌ನಿಂದ ಗ್ರೌಂಡ್‌ಗೆ ತನ್ನಿ. ಡಿಎಸ್‌ಪಿಯ ಸೆಲ್ಫ್‌ಬೂಟ್ ಪಿನ್ 3.3 ವೋಲ್ಟ್‌ನಲ್ಲಿಲ್ಲದಿದ್ದರೆ ಡಿಎಸ್‌ಪಿ ಇಇಪ್ರಾಮನ್ನು ಓದುವುದೇ ಇಲ್ಲ. ಮೂರನೆಯದನ್ನು ಯಾರೂ ಅನುಮಾನಿಸುವುದಿಲ್ಲ: ಪ್ರೋಗ್ರಾಮರ್ ಕೇಬಲ್ ಚುಚ್ಚಿಕೊಂಡೇ ಪವರ್ ಆನ್ ಮಾಡಿದರೆ ಡಿಎಸ್‌ಪಿ ಇಇಪ್ರಾಮನ್ನು ಓದುವ ಎರಡು ವೈರಿನ ಮೇಲೆ ಎಳೆದಾಟವಾಗಿ ಬೂಟ್ ತಪ್ಪಬಹುದು. ಕೇಬಲ್ ಕಿತ್ತು ನಂತರ ಪರೀಕ್ಷಿಸಿ. ಕೇಬಲ್ ಉದ್ದವೂ ಒಂದು ಗೇಣು ಮೀರದಿರಲಿ.

ಪ್ರಶ್ನೆ: ಟ್ವೀಟರ್‌ನಿಂದ (ತಾರಸ್ವರದ ಸಣ್ಣ ಸ್ಪೀಕರ್‌ನಿಂದ) ಸದಾ ಸುಯ್ ಎನ್ನುವ ಸದ್ದು. ಡಿಎಸ್‌ಪಿಯಲ್ಲಿ ಟ್ವೀಟರ್ ಲೆವೆಲ್ 6 ಡಿಬಿ ಇಳಿಸಿದರೂ ಸದ್ದು ಕಿಂಚಿತ್ತೂ ಇಳಿಯಲಿಲ್ಲ. (ಸಾಗರ)

ಇಳಿಯುವುದಿಲ್ಲ. ಆ ಸದ್ದು ಹುಟ್ಟುವುದು ಡಿಎಸ್‌ಪಿಯ ಲೆಕ್ಕದಲ್ಲಲ್ಲ, ಅದರ ಆಚೆ, ಡಿಎಸಿ (ಅಂಕಿಗಳನ್ನು ಮತ್ತೆ ವೋಲ್ಟ್ ಆಗಿಸುವ ಭಾಗ) ಮತ್ತು ಆಂಪ್‌ನಲ್ಲಿ. ಅಲ್ಲಿಯೇ ಇಳಿಸಬೇಕು.

ಎಡಿಎಯು1701ರ ಡಿಎಸಿ ಹೆಚ್ಚೆಂದರೆ 0.9 ವೋಲ್ಟ್ ಕೊಡುತ್ತದೆ. ಟಿಪಿಎ3118ರ ಗೇನ್ 20, 26, 32, 36 ಡಿಬಿ ಎಂದು ನಾಲ್ಕು ಮೆಟ್ಟಿಲು. 26 ಡಿಬಿ ಎಂದರೆ 20 ಪಟ್ಟು: 0.9ಕ್ಕೆ 18 ವೋಲ್ಟ್. 24 ವೋಲ್ಟ್ ಸಪ್ಲೈಯಲ್ಲಿ ಆಂಪ್ ಕ್ಲಿಪ್ ಆಗುವುದು (ಮಿತಿ ಮುಟ್ಟಿ ಶಬ್ದದ ತುದಿ ಕತ್ತರಿಸುವುದು) ಸುಮಾರು 17ಕ್ಕೆ. ಲೆಕ್ಕ ಕೂಡಿತು, ವೂಫರ್‌ಗೆ 26 ಡಿಬಿಯೇ ಸರಿ. ಬೋರ್ಡು 32ಕ್ಕೆ ಕಟ್ಟಿ ಬಂದಿದ್ದರೆ ಡಿಎಸಿಯ ಅರ್ಧ ವ್ಯಾಪ್ತಿ ವ್ಯರ್ಥ, ಸುಯ್ ಸದ್ದು ಮಾತ್ರ 6 ಡಿಬಿ ಹೆಚ್ಚು.

ಟ್ವೀಟರ್‌ಗಳು ಸಾಮಾನ್ಯವಾಗಿ ವೂಫರ್‌ಗಿಂತ 3ರಿಂದ 6 ಡಿಬಿ ಚುರುಕು, ಅವಕ್ಕೆ 20 ಡಿಬಿ ಸಾಕು. ಗೇನ್ ನಿರ್ಧಾರ ಇಡೀ ಚಿಪ್ಪಿಗೆ ಒಂದೇ, ಚಾನೆಲ್‌ಗೊಂದಲ್ಲ. ಆದ್ದರಿಂದ ಎಡ ಪೆಟ್ಟಿಗೆಗೆ ಒಂದು ಚಿಪ್ಪು, ಬಲ ಪೆಟ್ಟಿಗೆಗೆ ಇನ್ನೊಂದು ಎಂದು ಹಂಚಬೇಡಿ. ಎರಡು ವೂಫರ್ ಒಂದು ಚಿಪ್ಪಿಗೆ, ಎರಡು ಟ್ವೀಟರ್ ಇನ್ನೊಂದಕ್ಕೆ. ಗೇನ್ ಪಿನ್ನಿನಿಂದ ಗ್ರೌಂಡ್‌ಗೆ 20 ಕಿಲೋಓಮ್, ಜಿವಿಡಿಡಿ ಪಿನ್ನಿಗೆ 100 ಕಿಲೋಓಮ್ ಇದ್ದರೆ 26 ಡಿಬಿ. ಗ್ರೌಂಡ್‌ಗೆ 5.6 ಕಿಲೋಓಮ್ ಹಾಕಿ ಮೇಲಿನದನ್ನು ಕಿತ್ತರೆ 20. ಪವರ್ ಕೊಟ್ಟ ಕ್ಷಣದಲ್ಲಷ್ಟೇ ಚಿಪ್ಪು ಇದನ್ನು ಓದಿಕೊಳ್ಳುತ್ತದೆ, ಹಾಗಾಗಿ ಆಫ್ ಮಾಡಿ ಬೆಸೆದು ಮತ್ತೆ ಆನ್ ಮಾಡಿ. ಇಷ್ಟು ಸಣ್ಣ ರೆಸಿಸ್ಟರ್‌ಗೆ ಕೈ ಹಾಕಲು ಧೈರ್ಯವಿಲ್ಲದಿದ್ದರೆ 8 ಓಮ್ಸ್ ಟ್ವೀಟರ್‌ಗೆ ಸರಣಿಯಲ್ಲಿ 4 ಓಮ್ಸ್, ಟ್ವೀಟರ್‌ಗೆ ಅಡ್ಡಲಾಗಿ 8 ಓಮ್ಸ್, ಎರಡೂ 10 ವ್ಯಾಟಿನವು. ಅಷ್ಟೇ 6 ಡಿಬಿ ಇಳಿಯುತ್ತದೆ.

ಪ್ರಶ್ನೆ: 6 ಇಂಚಿನ ವೂಫರ್, 1 ಇಂಚಿನ ಟ್ವೀಟರ್, ಎರಡೂ 8 ಓಮ್ಸ್. ಟ್ವೀಟರ್ ಸುಡದಂತೆ ಸೆಟ್ಟಿಂಗ್ ಎಲ್ಲಿಂದ ಶುರು ಮಾಡಲಿ? (ಮೈಸೂರು)

ಟ್ವೀಟರ್ ಕೊನೆಗೆ. ಮೊದಲು ಯಾವ ಡಿಎಸಿ ಯಾವ ಟರ್ಮಿನಲ್‌ಗೆ ಹೋಗುತ್ತದೆ ಎಂದು ಗೊತ್ತುಮಾಡಿಕೊಳ್ಳಿ, ಬೋರ್ಡಿನ ಮೇಲೆ ಅಚ್ಚಾದ ಅಂಕಿ ನಂಬಬೇಡಿ. ಸಿಗ್ಮಾ ಸ್ಟುಡಿಯೋದಲ್ಲಿ 200 ಹರ್ಟ್ಸ್ ಟೋನ್ ಇಟ್ಟು ಮೈನಸ್ 40 ಡಿಬಿಗೆ ಇಳಿಸಿ, ಒಂದೇ ವೂಫರನ್ನು ನಾಲ್ಕು ಟರ್ಮಿನಲ್‌ಗೂ ಸರದಿಯಲ್ಲಿ ಹಚ್ಚಿ, ಕೇಳಿಸಿದ್ದನ್ನು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಂಟಿಸಿ.

ಟ್ವೀಟರ್ ಹಚ್ಚುವ ಮೊದಲು ಅದರ ಸರಣಿಯಲ್ಲಿ 22 ಮೈಕ್ರೋಫ್ಯಾರಡ್, 100 ವೋಲ್ಟ್‌ನ ಧ್ರುವವಿಲ್ಲದ ಕೆಪಾಸಿಟರ್ ಹಾಕಿ. 8 ಓಮ್ಸ್‌ಗೆ ಇದು ಸುಮಾರು 900 ಹರ್ಟ್ಸ್‌ನ ಕೆಳಗಿನದನ್ನು ತಡೆಯತೊಡಗುತ್ತದೆ, 2500ರ ಕ್ರಾಸ್‌ಓವರ್‌ಗೆ (ವೂಫರ್, ಟ್ವೀಟರ್ ಶಬ್ದ ಹಂಚಿಕೊಳ್ಳುವ ಗಡಿಗೆ) ಹೆಚ್ಚು ಅಡ್ಡ ಬರುವುದಿಲ್ಲ. ಡೌನ್‌ಲೋಡ್ ಮಾಡುವಾಗ ಬರುವ ಟಪ್ ಸದ್ದಿಗೂ, 2500 ಎನ್ನುವಲ್ಲಿ 250 ಎಂದು ಒತ್ತಿಬಿಡುವ ಬೆರಳಿಗೂ ಇದೇ ಕಾವಲು. ಇದನ್ನು ಖಾಯಂ ಬಿಟ್ಟರೂ ನಷ್ಟವಿಲ್ಲ.

ಫಿಲ್ಟರ್: ಎರಡೂ ಕಡೆ 2500 ಹರ್ಟ್ಸ್, ಲಿಂಕ್‌ವಿಟ್ಜ್-ರೈಲಿ ಜಾತಿ, ಆಕ್ಟೇವ್‌ಗೆ 24 ಡಿಬಿ ಇಳಿಜಾರು. ಸಿದ್ಧ ಬ್ಲಾಕ್ ಬೇಡವೆಂದರೆ ಕ್ಯೂ (ಫಿಲ್ಟರಿನ ಮೊನಚು) 0.707 ಇರುವ ಎರಡನೇ ದರ್ಜೆಯ ಫಿಲ್ಟರ್ ಎರಡನ್ನು ಒಂದರ ಹಿಂದೊಂದು ಇಟ್ಟರೆ ಅದೇ ಆಗುತ್ತದೆ. ಇದರಲ್ಲಿ ಎರಡು ಸ್ಪೀಕರ್‌ಗಳ ಪೊಲಾರಿಟಿ ಒಂದೇ. 12 ಡಿಬಿಯ ಲಿಂಕ್‌ವಿಟ್ಜ್-ರೈಲಿಗೆ ಮಾತ್ರ ಒಂದನ್ನು ತಿರುಗಿಸಬೇಕು, ಹಳೆಯ ಕೈಪಿಡಿ ಓದಿದವರು ಇಲ್ಲಿ ಎಡವುತ್ತಾರೆ.

ಒಂದೇ ಹಲಗೆಗೆ ಕೂರಿಸಿದಾಗ ಟ್ವೀಟರ್‌ನ ಕಾಯಿಲ್ ವೂಫರ್‌ನದಕ್ಕಿಂತ ಮುಂದಿರುತ್ತದೆ, ಆದ್ದರಿಂದ ತಡಮಾಡಿಸಬೇಕಾದದ್ದು ಟ್ವೀಟರನ್ನು. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ 7.2 ಮಿಲಿಮೀಟರ್. ಅಂತರ 25 ಮಿಲಿಮೀಟರ್ ಇದ್ದರೆ 3 ಅಥವಾ 4 ಸ್ಯಾಂಪಲ್. ಯಾವುದು ಸರಿ ಎಂದು ತಿಳಿಯಲು ಟ್ವೀಟರ್‌ನ ಪೊಲಾರಿಟಿ ಬೇಕೆಂದೇ ತಿರುಗಿಸಿ ಅಳೆಯಿರಿ. 2500ರ ಬಳಿ ಆಳವಾದ ಗುಂಡಿ ಬೀಳಬೇಕು. ಗುಂಡಿ ಅತಿ ಆಳವಾಗುವ ತಡವೇ ಸರಿಯಾದ ತಡ. ಆಮೇಲೆ ಪೊಲಾರಿಟಿ ಮತ್ತೆ ನೆಟ್ಟಗೆ ಮಾಡಲು ಮರೆಯದಿರಿ!

ಅಳತೆಗೆ ಆರ್‌ಇಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್, ಯುಎಸ್‌ಬಿ ಅಳತೆ ಮೈಕ್ ಸಾಕು. ಸ್ಪೀಕರ್, ಮೈಕ್ ಎರಡನ್ನೂ ನೆಲದಿಂದ 1 ಮೀಟರ್ ಎತ್ತರದಲ್ಲಿ, 1 ಮೀಟರ್ ಅಂತರದಲ್ಲಿ, ಕೋಣೆಯ ನಡುವೆ ಇಡಿ. ನೆಲಕ್ಕೆ ಬಡಿದು ಬರುವ ಶಬ್ದ 1.24 ಮೀಟರ್ ಹೆಚ್ಚು ನಡೆದು 3.6 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಳತೆಯನ್ನು ಅಷ್ಟು ಹೊತ್ತಿಗೇ ಕತ್ತರಿಸಿ ನೋಡಿದರೆ 280 ಹರ್ಟ್ಸ್‌ಗಿಂತ ಮೇಲಿನ ಗೆರೆ ನಂಬುವಂಥದ್ದು, ಕೆಳಗಿನದು ಸುಳ್ಳು. ಕೆಳಗಿನದನ್ನು ನೋಡಿ ಈಕ್ವಲೈಸರ್ ತಿರುಗಿಸಬೇಡಿ. 40 ಹರ್ಟ್ಸ್‌ಗೆ 12 ಡಿಬಿ ಏರಿಸುವುದೆಂದರೆ 16 ಪಟ್ಟು ವ್ಯಾಟ್ ಕೇಳಿದಂತೆ. 6 ಇಂಚಿನ ವೂಫರ್ ಅದನ್ನು ಎಲ್ಲಿಂದ ತರಬೇಕು?

ಪ್ರಶ್ನೆ: ಬ್ಲೂಟೂತ್ ಬೋರ್ಡಿಗೂ ಅದೇ ಅಡಾಪ್ಟರ್‌ನಿಂದ 5 ವೋಲ್ಟ್ ಇಳಿಸಿ ಕೊಟ್ಟಿದ್ದೇನೆ. ಹಾಡಿನ ಹಿಂದೆ ಕಿರಿಕಿರಿ ಸದ್ದು. ಆನ್ ಮಾಡುವಾಗ ಟಪ್ ಎನ್ನುತ್ತದೆ. (ಕುಂದಾಪುರ)

ಕಿರಿಕಿರಿಗೆ ಕಾರಣ ಗ್ರೌಂಡ್ ಲೂಪ್. ಬ್ಲೂಟೂತ್‌ನ ಕರೆಂಟು ಆಡಿಯೋ ಗ್ರೌಂಡ್ ಮೂಲಕವೂ ಹರಿಯುತ್ತಿದೆ. ಬಿ0505ಎಸ್-1ಡಬ್ಲ್ಯು ಎಂಬ ನಾಲ್ಕು ಕಾಲಿನ ಐಸೊಲೇಟೆಡ್ ಮಾಡ್ಯೂಲನ್ನು 5 ವೋಲ್ಟ್‌ಗೂ ಬ್ಲೂಟೂತ್‌ಗೂ ನಡುವೆ ಹಾಕಿ. 200 ಮಿಲಿಆಂಪಿಯರ್ ಕೊಡುತ್ತದೆ. ಅದರ ಎರಡು ಬದಿಯ ಗ್ರೌಂಡ್‌ಗಳನ್ನು ಪವರ್ ಕಡೆ ಸೇರಿಸಿಬಿಟ್ಟರೆ ಹಾಕಿಯೂ ಹಾಕದಂತೆ.

ಟಪ್ ಸದ್ದು ಬರುವುದು ಡಿಎಸ್‌ಪಿ ಬೂಟ್ ಆಗುವ ಮೊದಲೇ ಆಂಪ್ ಎಚ್ಚರವಾಗುವುದರಿಂದ. ಆಂಪ್‌ನ ಎಸ್‌ಡಿಝೆಡ್ ಪಿನ್ ಕೆಳಗಿದ್ದರೆ ಅದು ಮಲಗಿರುತ್ತದೆ. ಬಿಸಿ547 ಎಂಬ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಎಸ್‌ಡಿಝೆಡ್‌ಗೆ, ಎಮಿಟರ್ ಗ್ರೌಂಡ್‌ಗೆ. ಡಿಎಸ್‌ಪಿಯ ಒಂದು ಎಂಪಿ (ಬಹುಪಯೋಗಿ) ಪಿನ್ನಿನಿಂದ 3.3 ವೋಲ್ಟ್‌ಗೆ 10 ಕಿಲೋಓಮ್, ಅದೇ ಪಿನ್ನಿನಿಂದ ಬೇಸ್‌ಗೆ ಇನ್ನೊಂದು 10 ಕಿಲೋಓಮ್. ಬೂಟ್ ಆಗುವವರೆಗೆ ಟ್ರಾನ್ಸಿಸ್ಟರ್ ಆಂಪನ್ನು ಮಲಗಿಸಿಡುತ್ತದೆ, ಪ್ರೋಗ್ರಾಮ್ ಆ ಪಿನ್ನನ್ನು ಕೆಳಗೆಳೆದಾಗ ಬಿಡುತ್ತದೆ. ಎಂಪಿ ಪಿನ್ನನ್ನು ನೇರ ಎಸ್‌ಡಿಝೆಡ್‌ಗೆ ಕೊಡಬೇಡಿ, ಅನೇಕ ಬೋರ್ಡುಗಳಲ್ಲಿ ಅಲ್ಲಿ ಸಪ್ಲೈಯ 24 ವೋಲ್ಟ್ ರೆಸಿಸ್ಟರ್ ಮೂಲಕ ಬಂದು ಕೂತಿರುತ್ತದೆ.

ಪ್ರಶ್ನೆ: ಇಲ್ಲಿ ಡಿಎಸ್‌ಪಿ, ಆಂಪ್ ಎರಡೂ ಒಂದೇ ಲೋಹದ ತಟ್ಟೆಯ ಮೇಲಿರುವ ಹೈಪೆಕ್ಸ್ ಫ್ಯೂಷನ್‌ಆಂಪ್ ಎಫ್‌ಎ123 ಸಿಗುತ್ತದೆ. ಅದಕ್ಕೂ ಪ್ರೋಗ್ರಾಮರ್ ಬೇಕೇ? (ಐಂಡ್‌ಹೋವನ್, ನೆದರ್‌ಲೆಂಡ್ಸ್)

ಬೇಡ. ಯುಎಸ್‌ಬಿ ಕೇಬಲ್, ವಿಂಡೋಸ್ ಕಂಪ್ಯೂಟರ್, ಕಂಪನಿಯದೇ ಫಿಲ್ಟರ್ ಡಿಸೈನ್ ಸಾಫ್ಟ್‌ವೇರ್ ಸಾಕು. 125 ವ್ಯಾಟ್‌ನ ಎರಡು ಚಾನೆಲ್, 100 ವ್ಯಾಟ್‌ನದೊಂದು. ಟ್ವೀಟರನ್ನು ಮೂರನೆಯದಕ್ಕೆ ಕೊಡಿ. ಮೂರು ಪ್ರಿಸೆಟ್ ಉಳಿಸಬಹುದು. ಮನೆಯ ಮೇನ್ಸ್ ನೇರ ತಟ್ಟೆಯೊಳಗೇ ಬರುತ್ತದೆ, ಪೆಟ್ಟಿಗೆಗೆ ಕೂರಿಸದೆ ಮೇಜಿನ ಮೇಲೆ ಹರಡಿಕೊಂಡು ಆನ್ ಮಾಡಬೇಡಿ.

ಪ್ರಶ್ನೆ: ನಮ್ಮ ಭಜನಾ ಮಂದಿರದಲ್ಲಿ 100 ವೋಲ್ಟ್ ಲೈನ್‌ನ ನಾಲ್ಕು ಕಾಲಮ್ ಸ್ಪೀಕರ್ ಇವೆ. ಈ ಬೋರ್ಡಿನಿಂದ ನಡೆಯುತ್ತದೆಯೇ? ಮೈಕ್ ಕೂಗುತ್ತದೆ, ಹಿಂದೆ ಕೂತವರಿಗೆ ಮಾತು ಸ್ಪಷ್ಟವಿಲ್ಲ. (ಕಾರ್ಕಳ)

ಆಂಪ್ ಭಾಗ ನಡೆಯುವುದಿಲ್ಲ, ಡಿಎಸ್‌ಪಿ ಭಾಗ ಚೆನ್ನಾಗಿ ನಡೆಯುತ್ತದೆ. ಈ ಸ್ಪೀಕರ್‌ಗಳೊಳಗಿನ ಲೈನ್ ಟ್ರಾನ್ಸ್‌ಫಾರ್ಮರ್‌ನ 20 ವ್ಯಾಟ್ ಟ್ಯಾಪ್ ಎಂದರೆ 100 ವೋಲ್ಟ್‌ಗೆ 500 ಓಮ್ಸ್. ಈ ಬೋರ್ಡಿನ 17 ವೋಲ್ಟ್ ಅದರಲ್ಲಿ ಅರ್ಧ ವ್ಯಾಟ್ ಚಿಲ್ಲರೆ ಕೊಟ್ಟೀತು. ಹಳೆಯ ಪಿಎ ಆಂಪ್ಲಿಫೈಯರ್ ಇಟ್ಟುಕೊಂಡು, ಮಿಕ್ಸರ್‌ಗೂ ಅದಕ್ಕೂ ನಡುವೆ ಡಿಎಸ್‌ಪಿ ಹಾಕಿ. ಡಿಎಸಿ ಔಟನ್ನು ಆಂಪ್‌ನ ಆಕ್ಸ್ ಇನ್‌ಪುಟ್‌ಗೆ ಕೊಡಿ. ಬೋರ್ಡಿನ ಸ್ಪೀಕರ್ ಔಟನ್ನು ಅಲ್ಲ, ಅಲ್ಲಿ 12 ವೋಲ್ಟ್ ಡಿಸಿ ಕಾದಿದೆ ಎಂದು ಮೇಲೆ ಹೇಳಿದ್ದೇವೆ.

120 ಹರ್ಟ್ಸ್‌ನ ಕೆಳಗೆ ಕತ್ತರಿಸಿ, ಲೈನ್ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗುವುದು ನಿಲ್ಲುತ್ತದೆ. ಕೂಗಿಗೆ, ಮೈಕ್ ನಿಧಾನ ಏರಿಸುತ್ತಾ ಮೊದಲು ಕೂಗುವ ಹರ್ಟ್ಸನ್ನು ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಓದಿ, ಅಲ್ಲಿ ಕ್ಯೂ 8, ಮೈನಸ್ 6 ಡಿಬಿ ಕೊಡಿ. ಇಂಥವು ಮೂರೋ ನಾಲ್ಕೋ ಸಾಕು. ಹತ್ತು ಕಡೆ ಕೊರೆದರೆ ಧ್ವನಿಯೇ ಸತ್ತುಹೋಗುತ್ತದೆ, ಅದಕ್ಕಿಂತ ಮೈಕನ್ನು ಬಾಯಿಗೆ ಹತ್ತಿರ ತರುವುದು ಲೇಸು.

ಹಿಂದಿನ ಎರಡು ಕಾಲಮ್‌ಗಳಿಗೆ ಬೇರೆ ಆಂಪ್ ಇದ್ದರೆ ಅವನ್ನು ತಡಮಾಡಿಸಿ. ಮುಂದಿನವಕ್ಕಿಂತ 10 ಮೀಟರ್ ಹಿಂದಿದ್ದರೆ 29 ಮಿಲಿಸೆಕೆಂಡ್. ಧ್ವನಿ ವೇದಿಕೆಯಿಂದಲೇ ಬಂದಂತೆ ಅನಿಸಲು ಇನ್ನೊಂದು 6 ಸೇರಿಸಿ 35 ಮಾಡಿ, ಅಂದರೆ 1680 ಸ್ಯಾಂಪಲ್. ಎಡಿಎಯು1701ರ ಡೇಟಾ ಮೆಮೊರಿ 2048 ಸ್ಯಾಂಪಲ್ ಮಾತ್ರ, ಫಿಲ್ಟರ್‌ಗಳೂ ಅದರಲ್ಲೇ ಪಾಲು ಕೇಳುತ್ತವೆ. ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ತಡ ಇಟ್ಟರೆ ಕಂಪೈಲ್ ಆಗುವುದಿಲ್ಲ. ಎರಡನ್ನೂ ಮೊದಲೇ ಮೋನೋ ಮಾಡಿ, ಒಂದೇ ತಡದ ಬ್ಲಾಕ್ ಮೂಲಕ ಹಾಯಿಸಿ.